ಒಂಬತ್ತು ಇಂಚು ಮಣ್ಣು: ತುಮಕೂರಿನ ಒಂದು ಅಂಗಳದಲ್ಲಿ ಒಣಗಿದ ಟಬೂಬಿಯಾಗಳು

2024ರ ಆಗಸ್ಟ್ ಮೊದಲ ವಾರ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ತುಮಕೂರಿನ ಹೊರಗಿನ ಒಂದು ಹೊಸ ಲೇಔಟ್‌ನಿಂದ ಫೋನ್ ಬಂತು. ಮಾಡಿದವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. 'ಟಬೂಬಿಯಾ ತುದಿಯಿಂದ ಒಣಗ್ತಾ ಕೆಳಗೆ ಬರ್ತಿದೆ. ಮೂರು ಸಲ ಔಷಧಿ ಹೊಡೆಸಿದ್ದೀನಿ, ಏನೂ ಆಗ್ಲಿಲ್ಲ. ಒಂದ್ಸಲ ಬಂದು ನೋಡಿ' ಅಂದರು.

ಮನೆ ತೋಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ಇಂಥ ಫೋನ್‌ಗಳು ಜಾಸ್ತಿ ಬಂದವು. ಇದೊಂದನ್ನೇ ಪೂರ್ತಿ ಬರೆದಿಡಲು ಕಾರಣ ಏನು ಅಂದರೆ, ಮೊದಲ ಸಲ ಹೋದಾಗ ನಾನೂ ಅರ್ಧ ನೋಡಿ ವಾಪಸ್ ಬಂದಿದ್ದೆ.

ಮನೆ ಸೈಟಿನ ಹಿಂಭಾಗದಲ್ಲಿದೆ. ಮುಂದೆ ಅಂಗಳ, ಅಂಗಳದ ತುದಿಗೆ ಗೇಟು. ಒಟ್ಟು ಆರು ಪಿಂಕ್ ಟಬೂಬಿಯಾ, ಗುಲಾಬಿ ಬಣ್ಣದ ಹೂ ಬಿಡುವ ಅಲಂಕಾರದ ಮರ. ಆರೂ ಒಂದೇ ನರ್ಸರಿಯಿಂದ, ಒಂದೇ ಟೆಂಪೋದಲ್ಲಿ, 2022ರ ಜೂನ್‌ನಲ್ಲಿ ಬಂದವು. ಆಗ ಏಳು ಅಡಿ ಎತ್ತರ, ದೊಡ್ಡ ಕಪ್ಪು ಚೀಲದಲ್ಲಿದ್ದವು. ನಾಲ್ಕನ್ನು ಪೋರ್ಟಿಕೋದಿಂದ ಗೇಟಿನವರೆಗೆ ಸಾಲಾಗಿ ನೆಟ್ಟರು. ಉಳಿದ ಎರಡು ಗೇಟಿನ ಹೊರಗೆ, ರಸ್ತೆ ಪಕ್ಕ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಪೋರ್ಟಿಕೋ ಹತ್ತಿರದ್ದನ್ನು 1 ಅಂತ ಕರೆಯುತ್ತೇನೆ, ರಸ್ತೆ ಕಡೆಯ ಕೊನೆಯದು 6.

ನಾನು ಹೋದ ದಿನ 1ನೇ ಗಿಡದ ಮೇಲಿನ ನಾಲ್ಕು ಅಡಿ ಪೂರ್ತಿ ಕಡ್ಡಿಯಾಗಿತ್ತು. ಕೆಳಗೆ ಮಾತ್ರ ಒಂದಿಷ್ಟು ಎಲೆ. 2ನೆಯದರಲ್ಲಿ ಮೂರು ದೊಡ್ಡ ಟೊಂಗೆಗಳು ಅರ್ಧಕ್ಕೆ ಒಣಗಿದ್ದವು. 3ನೆಯದರಲ್ಲಿ ತುದಿಗಳು ಒಂದು ಗೇಣಿನಷ್ಟು ಸತ್ತಿದ್ದವು, ಎಲೆ ಸಣ್ಣ, ಬಣ್ಣ ಹಳದಿ. 4ನೆಯದು ಸ್ವಲ್ಪ ಮಂಕು, ಅಷ್ಟೇ. ಹೊರಗಿನ 5 ಮತ್ತು 6 ಮಾತ್ರ ಕಡು ಹಸಿರು. ರಸ್ತೆಯ ಧೂಳು ಕುಡಿದುಕೊಂಡು ಒಳಗಿನವಕ್ಕಿಂತ ಮೂರು ಅಡಿ ಮೇಲಿದ್ದವು.

ಈ ಸಾಲೇ ಎಲ್ಲವನ್ನೂ ಹೇಳುತ್ತಿತ್ತು. ಪೋರ್ಟಿಕೋದಿಂದ ಗೇಟಿಗೆ ನಡೆದರೆ ಕಾಯಿಲೆಯಿಂದ ಆರೋಗ್ಯಕ್ಕೆ ನಡೆದ ಹಾಗೆ. ಅವತ್ತು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಮೇಷ್ಟ್ರು ಹೇಳಿದ ಇತಿಹಾಸ ಹೀಗೆ. 2022ರಲ್ಲಿ ಮಳೆ ಚೆನ್ನಾಗಿತ್ತು, ಕೆರೆಗಳು ಕೋಡಿ ಬಿದ್ದವು, ಗಿಡಗಳೂ ಜೋರಾಗಿ ಎದ್ದವು. ಆ ಡಿಸೆಂಬರ್‌ನಲ್ಲಿ ಅಂಗಳಕ್ಕೆ ಲಾನ್ ಹಾಕಿಸಿದರು. 2023ರಲ್ಲಿ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಆದರೆ ಇವರ ಬೋರ್ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಎಲೆ ಉದುರಿತು. ಅದರಲ್ಲಿ ಗಾಬರಿ ಪಡುವಂಥದ್ದು ಏನೂ ಇಲ್ಲ, ಬೇಸಿಗೆಗೆ ಮುಂಚೆ ಎಲೆ ಉದುರಿಸುವುದು ಈ ಮರದ ಸ್ವಭಾವ. ಫೆಬ್ರವರಿಯಲ್ಲಿ 1ನೇ ಗಿಡ ಒಂದೇ ಮೈತುಂಬ ಹೂ ಬಿಟ್ಟಿತು. ಉಳಿದವು ಸುಮ್ನೆ ಇದ್ದವು. ಮನೆಯವರಿಗೆಲ್ಲ ಖುಷಿ. ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು. ಚಿಕ್ಕ ಗಿಡವೊಂದು ಜೊತೆಯವಕ್ಕಿಂತ ಮುಂಚೆ ಮೈಮರೆತು ಹೂ ಬಿಟ್ಟರೆ ನನಗೆ ಸ್ವಲ್ಪ ಭಯ ಆಗುತ್ತದೆ. ಕಷ್ಟದಲ್ಲಿರುವ ಮರ ಎಷ್ಟೋ ಸಲ ಹಾಗೆ ಮಾಡುತ್ತದೆ.

ಆಮೇಲೆ ಚಿಗುರು ತಡವಾಗಿ ಬಂತು, ಸಣ್ಣದಾಗಿ ಬಂತು. ಏಪ್ರಿಲ್ ಬಿಸಿಲಿಗೆ ಎಲೆಯ ಅಂಚು ಸುಟ್ಟ ಹಾಗಾಯಿತು. ಮೇಷ್ಟ್ರು 'ನೀರು ಸಾಲ್ತಿಲ್ಲ' ಅಂದುಕೊಂಡು ಲಾನಿನ ಸ್ಪ್ರಿಂಕ್ಲರನ್ನು ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಬಿಡಲು ಶುರು ಮಾಡಿದರು. ಗಿಡ ಇನ್ನೂ ಬಾಡಿತು. ನೀರು ಇನ್ನೂ ಜಾಸ್ತಿ ಆಯಿತು.

ಸಲಹೆಗೆ ಏನೂ ಕೊರತೆ ಇರಲಿಲ್ಲ. ಔಷಧಿ ಅಂಗಡಿಯವರು ಮೊದಲು ಶಿಲೀಂಧ್ರ ಕೊಲ್ಲುವ ಕಾರ್ಬೆಂಡಜಿಮ್ ಕೊಟ್ಟರು, ಆಮೇಲೆ ಅದೇ ಕೆಲಸದ ಕಾಪರ್ ಆಕ್ಸಿಕ್ಲೋರೈಡ್, ಆಮೇಲೆ ಎರಡೂ ಸೇರಿಸಿ. ಲಾನ್ ನೋಡಿಕೊಳ್ಳುವ ಹುಡುಗ ಬುಡಕ್ಕೆ ಒಂದೊಂದು ಹಿಡಿ ಡಿಎಪಿ ಗೊಬ್ಬರ ಹಾಕಿದ. ಪಕ್ಕದ ಮನೆಯವರು 'ಬೇವಿಗೆ ಬಂದಿದೆಯಲ್ಲ, ಅದೇ ಇದಕ್ಕೂ ತಗುಲಿದೆ' ಅಂದರು. ಈ ಮಾತು ನಮ್ಮ ಕಡೆ ಈಗ ತುಂಬ ಕೇಳಿಸುತ್ತದೆ. ಬೇವಿನ ಮರಗಳು ಮಳೆಗಾಲದ ಕೊನೆಯ ಹೊತ್ತಿಗೆ ಬೆಂಕಿ ತಗುಲಿದ ಹಾಗೆ ಕಂದುಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಆ ರೋಗ ತರುವ ಶಿಲೀಂಧ್ರವನ್ನು ಮೈಸೂರಿನ ಸಂಶೋಧಕರೇ 1997ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿ, ಬೇವಿನ ಹೆಸರನ್ನೇ ಸೇರಿಸಿ ಫೋಮಾಪ್ಸಿಸ್ ಅಜಾಡಿರಾಕ್ಟೇ ಅಂತ ಹೆಸರಿಟ್ಟರು. ಅದು ಬೇವಿನ ಕಾಯಿಲೆ. ಪಕ್ಕದಲ್ಲಿ ಬೇವು ಒಣಗಿತು ಅಂತ ಟಬೂಬಿಯಾಗೂ ಅದನ್ನೇ ಅಂಟಿಸುವುದು, ಪಕ್ಕದ ಮನೆಯವರಿಗೆ ಕಾಮಾಲೆ ಬಂತು ಅಂತ ನಮ್ಮ ಹಲ್ಲುನೋವಿಗೂ ಅದೇ ಕಷಾಯ ಕುಡಿದ ಹಾಗೆ.

ಮೊದಲ ಭೇಟಿ

ಟೊಂಗೆ ಸತ್ತಿದೆಯೋ ಬರೀ ಬೋಳಾಗಿದೆಯೋ ಅಂತ ತಿಳಿಯಲು ಒಂದೇ ದಾರಿ. ಚಾಕುವಿನ ತುದಿಯಿಂದ ತೊಗಟೆಯನ್ನು ಉಗುರಿನಷ್ಟು ಕೆರೆಯುವುದು. ಹಸಿರು ಕಂಡರೆ ಜೀವ ಇದೆ. 2ನೇ ಗಿಡದ ಒಂದು ಟೊಂಗೆಯಲ್ಲಿ ತುದಿಯಿಂದ ಕೆರೆಯುತ್ತಾ ಬಂದೆ. ಕಂದು, ಕಂದು, ಕಂದು. ಒಂದು ಕವಲಿನ ಹತ್ತಿರ ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಕಾಫಿ ಬಣ್ಣ. ಅಲ್ಲೇ ಅಡ್ಡ ಕತ್ತರಿಸಿದೆ. ಕತ್ತರಿಸಿದ ಮುಖದಲ್ಲಿ ಹೋಳು ಮಾಡಿದ ಹೋಳಿಗೆಯ ತುಂಡಿನ ಆಕಾರದಲ್ಲಿ ಕಪ್ಪು ಕಲೆ, ಚೂಪು ತುದಿ ನಡುಮಧ್ಯಕ್ಕೆ. ಸತ್ತ ತೊಗಟೆಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಗುಳ್ಳೆಗಳು, ಬೆರಳಾಡಿಸಿದರೆ ಮರಳು ಕಾಗದದ ಹಾಗೆ.

ಇದು ಶಿಲೀಂಧ್ರ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಮಾವಿನ ಟೊಂಗೆ ಒಣಗಿಸುವ ಲ್ಯಾಸಿಯೋಡಿಪ್ಲೋಡಿಯಾ ಗುಂಪಿನದು ಇದೇ ಥರ ಕಾಣುತ್ತದೆ. ಖಚಿತ ಹೆಸರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವವರೇ ಹೇಳಬೇಕು. ಹಸಿರು ಮರ ಸಿಗುವವರೆಗೆ ಕತ್ತರಿಸಲು ಹೇಳಿದೆ. ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಕಡಿದ ಜಾಗಕ್ಕೆ ಬೋರ್ಡೋ ಪೇಸ್ಟ್ ಬಳಿಯಬೇಕು ಅಂತ ಹೇಳಿದೆ. ಅಡಿಕೆ ತೋಟ ಇರುವ ಊರಿನವರಿಗೆ ಬೋರ್ಡೋ ಹೊಸದಲ್ಲ. ಪೇಸ್ಟ್ ಆದರೆ ಗಟ್ಟಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಬೇಕು. ಇಷ್ಟು ಹೇಳಿ, ಕಾಫಿ ಕುಡಿದು, ಬಂದುಬಿಟ್ಟೆ.

ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಈ ಜಾತಿಯ ಶಿಲೀಂಧ್ರಗಳು ಗಟ್ಟಿಮುಟ್ಟಾದ ಗಿಡದಲ್ಲೂ ಸದ್ದಿಲ್ಲದೆ ಇದ್ದುಬಿಡಬಲ್ಲವು. ಗಿಡ ಸೊರಗಿದಾಗ ತಲೆ ಎತ್ತುತ್ತವೆ. ಒಂದೇ ಗಾಳಿ, ಒಂದೇ ಮಳೆ ಇರುವಾಗ ಇಪ್ಪತ್ತು ಅಡಿ ಆಚೆಯ 5ನೇ ಗಿಡ ಯಾಕೆ ನಗುತ್ತಾ ನಿಂತಿದೆ? ಈ ಪ್ರಶ್ನೆಯನ್ನು ಅವತ್ತು ನಾನು ಕೇಳಿಕೊಳ್ಳಲಿಲ್ಲ.

ಎರಡನೇ ಭೇಟಿ

ಮೂರು ವಾರ ಬಿಟ್ಟು ಹೋದೆ. 2ನೇ ಗಿಡದ ಎರಡು ಕಡಿತಗಳಲ್ಲಿ ನೀಲಿ ಪೇಸ್ಟಿನ ಕೆಳಗೂ ಒಣಗುವುದು ಮುಂದುವರಿದಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ. ನನಗೇ ಮುಜುಗರ ಆಯಿತು.

ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತೆ. ಕೂತಿದ್ದರಿಂದ ಕಣ್ಣು ಲಾನಿನ ಮಟ್ಟಕ್ಕೆ ಬಂತು. 1ನೇ ಗಿಡದ ಕಾಂಡ ಹುಲ್ಲಿನೊಳಗೆ ಕರೆಂಟ್ ಕಂಬದ ಹಾಗೆ ನೆಟ್ಟಗೆ ಇಳಿದಿತ್ತು. ಮೇಲೆ ಎಷ್ಟು ದಪ್ಪವೋ ಕೆಳಗೂ ಅಷ್ಟೇ ದಪ್ಪ. ಮರ ಯಾವತ್ತೂ ಹಾಗೆ ನೆಲಕ್ಕೆ ಇಳಿಯುವುದಿಲ್ಲ. ರಸ್ತೆ ಬದಿಯ ಹುಣಸೆ ಮರ ನೆನಪಿಸಿಕೊಳ್ಳಿ, ಬುಡ ಆನೆಯ ಕಾಲಿನ ಹಾಗೆ ಅಗಲ ಆಗಿ, ಬೇರು ಒಡೆದು ನೆಲ ಹಿಡಿದಿರುತ್ತದೆ. ಎದ್ದು ಗೇಟಿನ ಹೊರಗೆ ಹೋದೆ. 5ನೇ ಗಿಡದ ಬುಡ ಕೋಳಿಯ ಕಾಲಿನ ಹಾಗೆ ಬೆರಳು ಬಿಟ್ಟುಕೊಂಡು ನೆಲದ ಮೇಲೇ ಕಾಣುತ್ತಿತ್ತು. ಒಳಗೆ ಬಂದು ಕಳೆ ಕೀಳುವ ಕುರ್ಪಿ ಕೇಳಿದೆ.

1ನೇ ಗಿಡದ ಸುತ್ತ ಹುಲ್ಲು ಎತ್ತಿ ಕೆಳಗಿನ ಮಣ್ಣನ್ನು ಕೈಯಲ್ಲೇ ಬಿಡಿಸುತ್ತಾ ಹೋದೆ. ಮೂರು ಇಂಚಿಗೆ ಕಾಂಡದಿಂದಲೇ ಹೊರಟ ದಾರದಂಥ ಬಿಳಿ ಬೇರುಗಳು ಸಿಕ್ಕವು. ಕೆಳಗೆ ಉಸಿರಿಲ್ಲದೆ ಗಿಡ ಮೇಲೆ ಹೊಸದಾಗಿ ಹೊಂಚಿಕೊಂಡ ಬೇರು. ಐದು ಇಂಚಿಗೆ ತೊಗಟೆಯ ಬಣ್ಣ ಬದಲಾಯಿತು. ಒತ್ತಿದರೆ ನೆನೆದ ರಟ್ಟಿನ ಹಾಗೆ ಮೆತ್ತಗೆ. ಏಳು ಇಂಚಿಗೆ ವಾಸನೆ ಬಂತು, ಚರಂಡಿ ಕದಡಿದ ವಾಸನೆ. ನರ್ಸರಿಯವರು ಕೋಲಿಗೆ ಕಟ್ಟಿದ ನೈಲಾನ್ ದಾರ ಅಲ್ಲೇ ಇತ್ತು, ತೊಗಟೆಯೊಳಗೆ ಹೂತುಹೋಗಿತ್ತು. ಕಾಂಡ ಅಗಲ ಆಗಿ ನಿಜವಾದ ಬೇರು ಒಡೆಯುವ ಜಾಗ ಸಿಕ್ಕಿದ್ದು ಒಂಬತ್ತು ಇಂಚಿಗೆ. ಮೇಷ್ಟ್ರು ಒಳಗಿನಿಂದ ಹಳೆಯ ಮರದ ಸ್ಕೇಲ್ ತಂದು ಅಳೆದರು. ಅವರಿಗೆ ನನ್ನ ಅಂದಾಜಿನ ಮೇಲೆ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ.

2ನೆಯದು ಎಂಟು ಇಂಚು. 3ನೆಯದು ಐದು. 4ನೆಯದು ಎರಡೂವರೆ. ಹೊರಗಿನ ಎರಡು, ಸೊನ್ನೆ.

ಮೇಷ್ಟ್ರು ಸ್ಕೇಲ್ ಹಿಡಿದುಕೊಂಡೇ ಒಂದು ನಿಮಿಷ ನಿಂತರು. ಆಮೇಲೆ ಅವರೇ ಹೇಳಿದರು: 'ಲಾನ್ ಹಾಕುವಾಗ ಮೂರು ಲೋಡ್ ಕೆಂಪು ಮಣ್ಣು ಹಾಕಿಸಿದ್ವಿ.' ಅಂಗಳ ಮೊದಲು ಪೋರ್ಟಿಕೋ ಕಡೆಗೇ ತಗ್ಗಾಗಿತ್ತಂತೆ. ಮಳೆ ನೀರು ಮನೆ ಕಡೆ ಬರುತ್ತದೆ ಅಂತ ಮಟ್ಟ ಮಾಡಿಸಿದ್ದರು. ತಗ್ಗಿದ್ದ ಕಡೆ ಮಣ್ಣು ಜಾಸ್ತಿ ಬಿತ್ತು, ಗೇಟಿನ ಕಡೆ ಕಮ್ಮಿ. ಲಾನಿಗೆ ಮಣ್ಣು ಹಾಕಿದವರು ಗಿಡದ ಬುಡಕ್ಕೂ ಚೆನ್ನಾಗಿ ಒತ್ತರಿಸಿ ಹಾಕಿದರು. ಬುಡಕ್ಕೆ ಮಣ್ಣು ಏರಿಸಿದರೆ ಗಿಡಕ್ಕೆ ಒಳ್ಳೆಯದು ಅಂತ ಎಲ್ಲರ ನಂಬಿಕೆ. ರಾಗಿ, ಆಲೂಗಡ್ಡೆಗೆ ಅದು ಸರಿ. ಮರಕ್ಕೆ ಅಲ್ಲ. ಮರದ ಕಾಂಡದ ತೊಗಟೆ ಗಾಳಿಯಲ್ಲಿ ಇರಬೇಕಾದ್ದು. ಸದಾ ಒದ್ದೆ ಮಣ್ಣಿನಲ್ಲಿದ್ದರೆ ಕೊಳೆಯುತ್ತದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಒಂದು ಅಡಿಯೊಳಗೇ ಇರುತ್ತವೆ, ಗಾಳಿಗಾಗಿ. ಅವುಗಳ ಮೇಲೆ ಮುಕ್ಕಾಲು ಅಡಿ ಮಣ್ಣು ಹೊದಿಸಿ ದಿನಾ ಎರಡು ಹೊತ್ತು ನೆನೆಸಿದರೆ ಏನಾಗಬೇಕು?

ಬೇರು ಉಸಿರು ಕಟ್ಟಿದರೆ ನೀರಿನ ನಡುವೆಯೇ ಗಿಡಕ್ಕೆ ಬಾಯಾರುತ್ತದೆ. ಇದು ನಂಬಲು ಸ್ವಲ್ಪ ಕಷ್ಟ. ಎಲೆ ಬಾಡಿದೆ ಅಂದರೆ ನಮ್ಮ ಕೈ ಪೈಪಿನ ಕಡೆಗೇ ಹೋಗುತ್ತದೆ. ಇನ್ನು ಒಣಗುವುದು ತುದಿಯಿಂದಲೇ ಯಾಕೆ ಅಂತ ಮೇಷ್ಟ್ರ ಮನೆಯವರು ಕೇಳಿದರು. ತುಮಕೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಹೇಮಾವತಿ ನಾಲೆಯಲ್ಲಿ ನೀರು ಕಮ್ಮಿ ಬಿಟ್ಟರೆ ಮೊದಲು ಒಣಗುವುದು ಯಾರ ಕೆರೆ? ಕೊನೆಯವರದು. ಗಿಡದಲ್ಲಿ ಆ ಕೊನೆಯವರು ತುದಿಯ ಟೊಂಗೆಗಳು.

ಇನ್ನೊಂದು ವಿಷಯವೂ ಇತ್ತು. ಒಳಗಿನ ನಾಲ್ಕು ಗುಂಡಿಗಳನ್ನು ಮನೆ ಕೆಲಸಕ್ಕೆ ಬಂದಿದ್ದ ಜೆಸಿಬಿಯಲ್ಲಿ ತೋಡಿಸಿದ್ದರು. ಕೆಳಗೆ ಗೊರಚು, ಅಂದರೆ ಗಟ್ಟಿ ಕಲ್ಲುಮಣ್ಣು. ಬಕೆಟ್ ಉಜ್ಜಿದ ಗುಂಡಿಯ ಗೋಡೆ ಗಾರೆ ಮಾಡಿದ ತೊಟ್ಟಿಯ ಹಾಗೆ ನುಣ್ಣಗಾಗಿರುತ್ತದೆ. ಪರೀಕ್ಷೆಗೆ ಅಂತ 2ನೇ ಗಿಡದ ಪಕ್ಕ ಒಂದು ಅಡಿ ಆಳದ ಗುಂಡಿ ತೋಡಿ, ಒಂದು ಸಲ ನೀರು ತುಂಬಿ ನೆನೆಸಿ, ಮತ್ತೆ ತುಂಬಿದೆವು. ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಸಂಜೆ ತುಂಬಿದ್ದು ಬೆಳಗ್ಗೆ ಎರಡು ಬೆರಳಿನಷ್ಟು ಮಾತ್ರ ಇಳಿದಿತ್ತು ಅಂತ ಮೇಷ್ಟ್ರು ಫೋನ್ ಮಾಡಿ ಹೇಳಿದರು.

ಹೊರಗಿನ ಎರಡು ಗಿಡಗಳ ಕಥೆ ಕೇಳಿ ನಗು ಬಂತು. ಅವತ್ತು ಅಷ್ಟು ಹೊತ್ತಿಗೆ ಜೆಸಿಬಿ ಹೋಗಿಬಿಟ್ಟಿತ್ತು. ಕೂಲಿಯವರು ಪಿಕಾಸಿಯಲ್ಲಿ ಒಂದೂವರೆ ಅಡಿ ಅಗೆದರು, ಗೊರಚು ಸಿಕ್ಕಿತು, ಕತ್ತಲೂ ಆಯಿತು. ಗಿಡವನ್ನು ನೆಲಕ್ಕಿಂತ ನಾಲ್ಕು ಬೆರಳು ಮೇಲೇ ಇಟ್ಟು ಸುತ್ತ ಮಣ್ಣು ಎಳೆದು ಹೋದರು. 'ಬೇಕಾಬಿಟ್ಟಿ ನೆಟ್ಟಿದ್ದಾರೆ ಅಂತ ಬೈದಿದ್ದೆ ಕಣ್ರೀ' ಅಂದರು ಮೇಷ್ಟ್ರು. ಮೊದಲ ವರ್ಷ ವಾರಕ್ಕೊಂದು ಕೊಡ ನೀರು. ಆಮೇಲೆ ಅದೂ ಇಲ್ಲ.

ಹಾಗಾದರೆ ತಪ್ಪು ಮಣ್ಣಿನದೋ, ಜೆಸಿಬಿಯದೋ, ಸ್ಪ್ರಿಂಕ್ಲರಿನದೋ? ಹೊರಗಿನ ಗಿಡಗಳಿಗೆ ಮೂರೂ ಇರಲಿಲ್ಲ. ಆದ್ದರಿಂದ ಬರೀ ಅವುಗಳಿಂದ ತೀರ್ಮಾನಕ್ಕೆ ಬರುವ ಹಾಗಿಲ್ಲ. ಒಳಗಿನ ನಾಲ್ಕೇ ನಿಜವಾದ ಸಾಕ್ಷಿ. ಅವಕ್ಕೆ ಗುಂಡಿ ಒಂದೇ ಥರ, ನೀರು ಒಂದೇ ಥರ, ಡಿಎಪಿ ಒಂದೇ ಥರ. ಬೇರೆ ಇದ್ದದ್ದು ಬುಡದ ಮೇಲಿನ ಮಣ್ಣು. ಅದು ಹೆಚ್ಚಿದಷ್ಟೂ ಒಣಗಿದ್ದು ಹೆಚ್ಚು. ನನ್ನ ಓಟು ಮಣ್ಣಿಗೇ. ಉಳಿದೆರಡು ಅದರ ಕೈ ಬಲಪಡಿಸಿದವು.

ಮಾಡಿದ್ದು

ಸೆಪ್ಟೆಂಬರ್‌ನಲ್ಲಿ ಎರಡು ದಿನದ ಕೆಲಸ. ಪ್ರತಿ ಗಿಡದ ಸುತ್ತ ನಾಲ್ಕು ಅಡಿ ಅಗಲದ ವೃತ್ತದಲ್ಲಿ ಲಾನ್ ತೆಗೆದೆವು. ಬುಡದ ಹತ್ತಿರ ಗುದ್ದಲಿ ಮುಟ್ಟಿಸಲಿಲ್ಲ, ಕೈ ಮತ್ತು ಕುರ್ಪಿ ಮಾತ್ರ. ಬೇರು ಒಡೆಯುವ ಜಾಗ ಕಾಣುವವರೆಗೆ ಮಣ್ಣು ತೆಗೆದೆವು. ಕಾಂಡದಿಂದ ಹೊಸದಾಗಿ ಬಂದಿದ್ದ ದಾರದ ಬೇರುಗಳನ್ನು 3 ಮತ್ತು 4ರಲ್ಲಿ ಒಂದೇ ಸಲ ಕತ್ತರಿಸಿದೆ. 1 ಮತ್ತು 2ರಲ್ಲಿ ಅರ್ಧ ಬಿಟ್ಟೆ, ಯಾಕೆಂದರೆ ಅವು ಬದುಕಿದ್ದೇ ಅದರ ಮೇಲೆ ಇರಬಹುದು. 2ನೇ ಗಿಡದ ಬುಡಕ್ಕೆ ಒಂದು ಬೆರಳು ಗಾತ್ರದ ಬೇರು ಉಡಿದಾರದ ಹಾಗೆ ಸುತ್ತಿಕೊಂಡಿತ್ತು. ಅದನ್ನು ಉಳಿಯಿಂದ ಎರಡು ಕಡೆ ಕಡಿದು ತೆಗೆದೆವು. ಕೊಳೆತ ತೊಗಟೆಯನ್ನು ಗಟ್ಟಿ ಅಂಚು ಸಿಗುವವರೆಗೆ ಕೆರೆದು, ಒಣಗಲು ಬಿಟ್ಟು, ಪೇಸ್ಟ್ ಬಳಿದೆವು.

ಮಣ್ಣು ತೆಗೆದ ಕಡೆ ತಟ್ಟೆಯ ಹಾಗೆ ಗುಣಿ ಆಗುತ್ತದೆ, ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಗುಣಿಯಿಂದ ಕಾಂಪೌಂಡಿನ ಚರಂಡಿಗೆ ಸಣ್ಣ ಕಾಲುವೆ ತೆಗೆದೆವು. ವೃತ್ತದ ಅಂಚಿನಲ್ಲಿ ಹಾರೆಯಿಂದ ಎರಡು ಅಡಿ ಆಳದ ತೂತು, ಗಿಡಕ್ಕೆ ಆರರ ಹಾಗೆ ಹೊಡೆದು ಒಳಗೆ ಸಣ್ಣ ಜೆಲ್ಲಿ ತುಂಬಿದೆವು. ಹಾರೆ ಗೊರಚಿಗೆ ಬಿದ್ದಾಗಲೆಲ್ಲ ಠಣ್ ಅನ್ನುತ್ತಿತ್ತು. ಗಿಡಗಳ ಹತ್ತಿರದ ಸ್ಪ್ರಿಂಕ್ಲರ್ ಬಾಯಿಗಳನ್ನು ಮುಚ್ಚಿದೆವು. ಮಳೆ ಇಲ್ಲದಿದ್ದರೆ ಹತ್ತು ದಿನಕ್ಕೊಮ್ಮೆ ನಿಧಾನವಾಗಿ ನೀರು, ಅದೂ ನಾಲ್ಕು ಇಂಚು ಕೆಳಗೆ ಬೆರಳಿಗೆ ತೇವ ಸಿಗದಿದ್ದರೆ ಮಾತ್ರ. ಗೊಬ್ಬರ ಪೂರ್ತಿ ಬಂದ್. ಬೇರೇ ಇಲ್ಲದ ಗಿಡಕ್ಕೆ ಗೊಬ್ಬರ ಹಾಕುವುದು ಜ್ವರದವನಿಗೆ ಬಿರಿಯಾನಿ ತಿನ್ನಿಸಿದ ಹಾಗೆ. ಒಣಗಿದ ಟೊಂಗೆಗಳನ್ನು ಮತ್ತೆ ಕತ್ತರಿಸಿದೆ. ಈ ಸಲ ಕವಲಿನ ಉಬ್ಬು ಉಳಿಯುವ ಹಾಗೆ, ಕಾಂಡಕ್ಕೆ ಸವರಿದ ಹಾಗೆ ಅಲ್ಲ. ಸಿಂಪಡಣೆ ಯಾವುದೂ ಇಲ್ಲ. ಅಂಗಡಿಯವರಿಗೆ ಸ್ವಲ್ಪ ಬೇಜಾರಾಗಿರಬಹುದು.

ನಡುವೆ ಒಂದು ಎಡವಟ್ಟು. ದೀಪಾವಳಿಗೆ ಮನೆಗೆ ಬಂದ ಮಕ್ಕಳಿಗೆ ಆ ಗುಣಿಗಳು ಅಸಹ್ಯ ಅನ್ನಿಸಿದವು. ಮಣ್ಣು ತುಂಬಿಸಿ, ಮೇಲೆ ಬಿಳಿ ಕಲ್ಲು ಹರಡಿ ಚೆಂದ ಮಾಡಿದರು. ಮೇಷ್ಟ್ರು ನನಗೆ ಹೇಳಲು ಒಂದು ವಾರ ಹಿಂಜರಿದರು. ಮತ್ತೆ ತೆಗೆದೆವು. ಕಲ್ಲು ಇರಲಿ, ಕಾಂಡಕ್ಕೆ ಒಂದು ಗೇಣು ದೂರ ಇರಲಿ ಅಂತ ರಾಜಿ ಆಯಿತು.

1ನೇ ಗಿಡ ನವೆಂಬರ್‌ನಲ್ಲಿ ಸತ್ತಿತು. ಕಿತ್ತಾಗ ಇಬ್ಬರೂ ಬೆಪ್ಪಾದೆವು. ಬೇರಿನ ಉಂಡೆಯ ಸುತ್ತ ನರ್ಸರಿಯ ಕಪ್ಪು ಚೀಲ ಹಾಗೇ ಇತ್ತು. ಒಂದು ಕಡೆ ಮಾತ್ರ ಸೀಳಿದ್ದರು. ಒಳಗೆ ಬೇರುಗಳು ಕೊಡ ಹೊರುವ ಸಿಂಬೆಯ ಹಾಗೆ ಸುತ್ತಿ ಸುತ್ತಿ ಗಂಟಾಗಿದ್ದವು. ಸೀಳಿದ ಕಡೆಯಿಂದ ಎರಡು ಬೇರು ಹೊರಗೆ ಹೋಗಿದ್ದವು, ಅಷ್ಟೇ. ಅಂದರೆ ಅದಕ್ಕೆ ಒಂಬತ್ತು ಇಂಚು ಮಣ್ಣಿನ ಜೊತೆ ಇದೂ ಸೇರಿತ್ತು. 'ಉಳಿದವಕ್ಕೂ ಚೀಲ ಇದೆಯಾ?' ಅಂತ ಮೇಷ್ಟ್ರು ಕೇಳಿದರು. ಬುಡ ಬಿಡಿಸಿದಾಗ 2, 3, 4ರಲ್ಲಿ ಪ್ಲಾಸ್ಟಿಕ್ ಅಂಚು ಕಂಡಿರಲಿಲ್ಲ. ಕೆಳಗೆ ಏನಿದೆ ಅಂತ ಗಿಡ ಕಿತ್ತೇ ನೋಡಬೇಕು. ಅದು ಬೇಡ ಅಂದೆ.

4ನೆಯದು 2025ರ ಫೆಬ್ರವರಿಯಲ್ಲಿ ಹೂ ಬಿಟ್ಟಿತು, ಹೊರಗಿನ ಎರಡರ ಜೊತೆಗೇ. ಅದಕ್ಕೇ ನನಗೆ ಸಮಾಧಾನ. 3ನೆಯದು ಹೂ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಚಿಗುರಿದ ಎಲೆ ಅಂಗೈಗಿಂತ ದೊಡ್ಡದಿತ್ತು, ಅಂಚು ಸುಡಲಿಲ್ಲ, ಹೊಸ ತುದಿ ಯಾವುದೂ ಒಣಗಲಿಲ್ಲ. 2ನೆಯದು ಮಾತ್ರ ಇನ್ನೂ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಮೇಲಿನದೆಲ್ಲ ಹೋಗಿ ನಾಲ್ಕು ಅಡಿ ಎತ್ತರದಲ್ಲಿ ಎರಡು ಗಟ್ಟಿ ಚಿಗುರು ಎದ್ದಿವೆ. ಒಂದನ್ನು ಉಳಿಸಿ ಒಂದನ್ನು ತೆಗೆಯಬೇಕು, ಇಲ್ಲದಿದ್ದರೆ ಮುಂದೆ ದೊಡ್ಡ ಗಾಳಿಗೆ ಕವಲು ಸೀಳುತ್ತದೆ. ಮೇಷ್ಟ್ರು ಕತ್ತರಿ ಮುಟ್ಟಲು ಬಿಡುತ್ತಿಲ್ಲ. 'ಇನ್ನೊಂದು ಮಳೆಗಾಲ ನೋಡೋಣ' ಅನ್ನುತ್ತಾರೆ.

ಜುಲೈನಲ್ಲಿ ಹೋದಾಗ 1ನೇ ಗಿಡದ ಜಾಗದಲ್ಲಿ ಹೊಸ ಗುಂಡಿ ಇತ್ತು. ಪಿಕಾಸಿಯಲ್ಲಿ ತೋಡಿದ್ದು, ಅಗಲ ಜಾಸ್ತಿ, ಆಳ ಕಮ್ಮಿ, ಗೋಡೆ ಒರಟು. ಗುಂಡಿ ತುಂಬ ನೀರು, ನೀರಿನಲ್ಲಿ ಆ ಮರದ ಸ್ಕೇಲ್ ನೆಟ್ಟಗೆ ನಿಂತಿತ್ತು. ಪೋರ್ಟಿಕೋದಲ್ಲಿ ಚೀಲದೊಳಗೆ ಒಂದು ಸಂಪಿಗೆ ಗಿಡ ಕಾಯುತ್ತಿತ್ತು. ಚೀಲದ ಮೇಲಿನ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದೆ. ನರ್ಸರಿಯಲ್ಲೇ ಬುಡ ಎರಡು ಇಂಚು ಹೂತಿತ್ತು, ಚೀಲ ಬದಲಿಸುವಾಗ ಹೀಗಾಗುವುದು ಮಾಮೂಲು. ಅದನ್ನು ತೋರಿಸೋಣ ಅಂತ ತಿರುಗಿದರೆ ಮೇಷ್ಟ್ರು ಗುಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಾಚ್ ನೋಡುತ್ತಿದ್ದರು. 'ಒಂದು ಗಂಟೆಗೆ ಒಂದೂವರೆ ಇಂಚು' ಅಂದರು.